ಪೆಲೆಟ್ ಕೋಣೆಯ ಗಾಳಿಕಿಂಡಿ

ಕಿಂಡಿ ಮುಚ್ಚಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ ನಾನು ಬೇರೆಯೇ ಮಾತು ಹೇಳಿದೆ, ಆ ಮಾತು ಎರಡು ತಿಂಗಳು ನನ್ನ ತಮ್ಮನ ತಲೆಯ ಮೇಲೆ ಕೂತಿತ್ತು.

ಸೌದಿಯಲ್ಲಿ ಚಳಿ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಫೋನಿನಲ್ಲಿ ಹಲ್ಲು ಕಡಿಯುತ್ತಾ ಮಾತಾಡಿದ್ದಕ್ಕೆ ಉಮ್ಮ ನಕ್ಕಿದ್ದಳು. "ಮರುಭೂಮಿಯಲ್ಲಿ ಕಂಬಳಿಯಾ? ಸುಳ್ಳು ಹೇಳಲಿಕ್ಕೂ ಒಂದು ಲೆಕ್ಕ ಬೇಡವಾ ಮಾರಾಯ?" ಆದರೆ ನಾನಿರುವ ಅಭಾ ಊರು ಇರುವುದು ಬೆಟ್ಟದ ತುದಿಯಲ್ಲಿ. ಡಿಸೆಂಬರ್ ಬಂತೆಂದರೆ ಮಂಜು ರಸ್ತೆಯ ಮೇಲೆ ನಿಲ್ಲುವುದಿಲ್ಲ, ಬಾಗಿಲು ತೆರೆದರೆ ಮನೆಯೊಳಗೇ ಬಂದು ಕೂರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಊರಾಚೆ ಕಣಿವೆಯ ಅಂಚಿನಲ್ಲಿ ಹನ್ನೆರಡು ಕೋಣೆಗಳ ಒಂದು ಅತಿಥಿಗೃಹ ಉಂಟು. ಯಜಮಾನರು ಶಾಲೆಯ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದ ಸೌದಿ. ಅವರೇ ನಮ್ಮ ಕಫೀಲ್, ಅಂದರೆ ನಾವು ಈ ದೇಶದಲ್ಲಿ ಇರುವುದು ಅವರ ಹೆಸರಿನ ಮೇಲೆ. ಪೈಪು, ನಲ್ಲಿ, ಪಂಪು, ಏಸಿ ಎಲ್ಲವನ್ನೂ ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಐಟಿಐ ಮಾಡಿದವನು. ಅವನನ್ನು ಇಲ್ಲಿಗೆ ಕರೆಸಿದ್ದೂ ನಾನೇ.

ಅವನು ಬಂದ ಎರಡನೇ ವರ್ಷ ಯಜಮಾನರು ಡೀಸೆಲ್ ಹೀಟರುಗಳನ್ನು ತೆಗೆಸಿ ಪೆಲೆಟ್ ಬಾಯ್ಲರ್ ಹಾಕಿಸಿದರು. ಬೆಟ್ಟದ ಮರಗಳನ್ನು ಕಡಿಯುವ ಹಾಗಿಲ್ಲ. ಹಾಗಾಗಿ ಹೊರದೇಶದಿಂದ ಜಿದ್ದಾ ಬಂದರಿಗೆ ಬರುವ ಪೆಲೆಟ್ ಸುಡುವುದು. ಮರದ ಹೊಟ್ಟನ್ನು ಒತ್ತಿ ಮಾಡಿದ ಬೆರಳ ಗೆಣ್ಣಿನಷ್ಟು ಉದ್ದದ ಕಡ್ಡಿಗಳು ಅವು. ಮೊದಲ ಚೀಲ ಬಿಚ್ಚಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಕಾಕ, ಇದು ದನಕ್ಕೆ ಹಾಕುವ ಫೀಡ್ ಅಲ್ಲವಾ?" ಎಂದ ತಮ್ಮ. ನಮ್ಮ ಬ್ಯಾರಿಗಳಲ್ಲಿ ಅಣ್ಣನನ್ನು ಕಾಕ ಎಂದೇ ಕರೆಯುವುದು.

"ಬಾಯ್ಲರಿಗೆ ಹಾಕು, ಹಾಲು ಕೊಟ್ಟರೆ ಹೇಳು," ಎಂದೆ ನಾನು.

ಹಾಲಿನ ಬದಲು ಅದು ಬಿಸಿನೀರು ಕೊಟ್ಟಿತು. ಆ ನೀರು ಪೈಪುಗಳಲ್ಲಿ ಹರಿದು ಹನ್ನೆರಡು ಕೋಣೆಗಳ ರೇಡಿಯೇಟರುಗಳನ್ನು ಕಾಯಿಸುತ್ತಿತ್ತು. ಬಾಯ್ಲರಿನ ಪಕ್ಕದಲ್ಲಿ ಹಿಂದೆ ಆಡಿನ ಮೇವು ಇಡುತ್ತಿದ್ದ ಒಂದು ಕಲ್ಲಿನ ಕೋಣೆ ಇತ್ತು. ಅದನ್ನೇ ಪೆಲೆಟ್ ಕೋಣೆ ಮಾಡಿದೆವು. ಮೇಲಿನ ಬಾಗಿಲಿನಿಂದ ಚೀಲಗಳನ್ನು ಸುರಿಯುವುದು, ಪಕ್ಕದ ಮೆಟ್ಟಿಲಿನ ಬಾಗಿಲಿನಿಂದ ಒಳಗೆ ಇಳಿಯುವುದು. ನೆಲಮಟ್ಟದಲ್ಲಿ ಮಾಂಸ ಕೊಚ್ಚುವ ಮಿಷನ್ನಿನಲ್ಲಿರುವಂಥ ಉದ್ದನೆಯ ಸ್ಕ್ರೂ ತಿರುಗುತ್ತಾ ಕಡ್ಡಿಗಳನ್ನು ಬಾಯ್ಲರಿಗೆ ಎಳೆದುಕೊಳ್ಳುತ್ತದೆ. ಮಧ್ಯದ ರಾಶಿ ಖಾಲಿಯಾಗಿ ಹೊಂಡ ಬೀಳುವುದರಿಂದ ವಾರಕ್ಕೊಮ್ಮೆ ಒಬ್ಬರು ಒಳಗೆ ಹೋಗಿ ಮೂಲೆಗಳದ್ದನ್ನು ಕುಂಟೆಯಿಂದ ಎಳೆದು ಹಾಕಬೇಕು. ಬಾಯ್ಲರ್ ಕೂರಿಸಲು ರಿಯಾದಿನಿಂದ ಬಂದಿದ್ದ ಕಂಪನಿಯವರು ಆ ಕೋಣೆಯ ಗೋಡೆಗೆ ಎರಡು ಗಾಳಿಕಿಂಡಿ ಕೊರೆದರು, ಒಂದು ಕೆಳಗೆ, ಒಂದು ಮೇಲೆ. ಇಲ್ಲಿ ಕಪಿಗಳ ಕಾಟ ಜಾಸ್ತಿ, ಅದಕ್ಕೆ ಹೊರಗಿನಿಂದ ತಂತಿಬಲೆ ಬಡಿದರು. ಹೋಗುವಾಗ ಒಂದು ದಪ್ಪ ಫೈಲು ಕೊಟ್ಟರು. ಯಜಮಾನರು ಅದನ್ನು ನನ್ನ ಕಣ್ಣೆದುರೇ ತಮ್ಮನ ಕೈಯಲ್ಲಿಟ್ಟರು.

"ಯಾ ಮುಹಂದಿಸ್," ಎಂದರು ಅವನಿಗೆ. ಇಂಜಿನಿಯರೇ ಎಂದು. "ಇದನ್ನು ಪೂರ್ತಿ ಓದು."

ನನಗೆ ಓದಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಮಾಡಿದ್ದು ಸರಿಯೇ. ಆದರೆ ಆ ದಿನದಿಂದ ನನ್ನೊಳಗೆ ಒಂದು ಮುಳ್ಳು ಇತ್ತು ಎಂಬುದನ್ನು ಹೇಳದಿದ್ದರೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ.

ತಮ್ಮ ಆ ಫೈಲನ್ನು ಪರೀಕ್ಷೆಗೆ ಓದುವವನ ಹಾಗೆ ಓದಿದ. ಊಟ ಮಾಡುವಾಗ ನನಗೆ ಹೇಳುತ್ತಿದ್ದ.

"ಕಾಕ, ಕಿಂಡಿ ಯಾವತ್ತೂ ಮುಚ್ಚಬಾರದಂತೆ. ರಾಶಿ ಹಾಕಿದ ಪೆಲೆಟಿನಿಂದ ವಿಷದ ಗಾಳಿ ಬರ್ತದೆ."

"ಸುಡದ ಮರದಿಂದ ಎಂತ ವಿಷ? ಅಟ್ಟದ ತುಂಬ ಸೌದೆ ಇಟ್ಟು ಅದರ ಕೆಳಗೇ ಮಲಗಿ ದೊಡ್ಡವರಾದದ್ದು ನಾವು."

"ಅದು ಸೌದೆ. ನಮ್ಮ ಮನೆಗೆ ಹಂಚಿನ ಸಂದಿಯಿಂದ ಗಾಳಿ ಬರ್ತಿತ್ತು. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಇದ್ದದ್ದು ಗೊತ್ತೇ ಆಗುವುದಿಲ್ಲ."

"ವಾಸನೆ ಇಲ್ಲದ್ದು, ಬಣ್ಣ ಇಲ್ಲದ್ದು ನಿನಗೆ ಹೇಗೆ ಕಂಡಿತು? ಫೈಲಿನಲ್ಲಿ ಜಿನ್ನು ಉಂಟಾ?"

ಅವನು ನಕ್ಕುಬಿಟ್ಟ. "ಜಿನ್ನಾದರೆ ಕುರ್‌ಆನಿನ ಆಯತ್ ಓದಿ ಓಡಿಸಬಹುದು ಕಾಕ. ಇದಕ್ಕೆ ಕಿಂಡಿಯೇ ಬೇಕು."

ಒಳಗೆ ಹೋಗುವ ಮೊದಲು ಬಾಗಿಲು ತೆರೆದಿಟ್ಟು ಕಾಲು ಗಂಟೆ ಕಾಯಬೇಕು, ಹೊರಗೆ ಇನ್ನೊಬ್ಬರು ನಿಂತಿರಬೇಕು ಎಂದೂ ಅದರಲ್ಲಿ ಇತ್ತಂತೆ. ಅವನು ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತು ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಿದ್ದ. ನಿಧಾನಕ್ಕೆ ಕುಡಿದರೆ ಸರಿಯಾಗಿ ಕಾಲು ಗಂಟೆ, ಗಡಿಯಾರ ಬೇಡ ಎನ್ನುತ್ತಿದ್ದ.

ಜನವರಿಯಲ್ಲಿ ಮಂಜು ಒಂದು ವಾರ ಬಿಡಲೇ ಇಲ್ಲ. ಕೆಳಗಿನ ಕಿಂಡಿಯಿಂದ ತೇವ ನುಗ್ಗಿ ಅದರ ಹತ್ತಿರದ ಪೆಲೆಟುಗಳು ಊದಿ, ಹಿಟ್ಟಾಗಿ, ಸ್ಕ್ರೂವಿಗೆ ಮೆತ್ತಿಕೊಂಡವು. ಬಾಯ್ಲರ್ ನಿಂತಿತು. ಅಂದು ಕೋಣೆಗಳೆಲ್ಲ ಭರ್ತಿ. ರಿಯಾದಿನಿಂದ ಬಂದ ಒಂದು ಕುಟುಂಬದ ಅಜ್ಜಿ ಮೂರು ಕಂಬಳಿ ಹೊದ್ದು ಹಜಾರದಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಬೈದಳು. ನಾನು ಮೂರು ಗಂಟೆ ಸ್ಕ್ರೂವಿನ ಎಡೆಯಲ್ಲಿ ಬೆರಳು ಹಾಕಿ ಆ ಮೆತ್ತಿದ ಹಿಟ್ಟನ್ನು ಕೆರೆದು ತೆಗೆದೆ. ಉಗುರುಗಳ ಬುಡದಲ್ಲಿ ರಕ್ತ ಬಂದಿತ್ತು. ಅಷ್ಟು ಹೊತ್ತಿಗೆ ಯಜಮಾನರು ಬಂದು ಬಗ್ಗಿ ನೋಡಿ, "ಮುಹಂದಿಸ್ ಎಲ್ಲಿ?" ಎಂದರು.

ಅಷ್ಟೇ. ಆ ಒಂದು ಪ್ರಶ್ನೆ ನನಗೆ ಸಾಕಾಯಿತು.

ಶಾಲೆ ಬಿಟ್ಟ ಮೇಲೆ ನಾನು ಕಲಿತ ಮೊದಲ ಕೆಲಸವೇ ತೇವ ತಡೆಯುವುದು. ಕರಾವಳಿಯಲ್ಲಿ ಮೇ ತಿಂಗಳು ಮುಗಿಯುವ ಮೊದಲು ಮನೆ ಮನೆಗೆ ಹೋಗಿ ಜಗಲಿಗೆ ಟರ್ಪಾಲು ಕಟ್ಟುತ್ತಿದ್ದೆ. ಯಾವ ಸಂದಿಯಿಂದ ಎರಚಲು ಬರುತ್ತದೆ, ಗಂಟು ಎಲ್ಲಿ ಹಾಕಿದರೆ ಗಾಳಿಗೆ ಹಾರುವುದಿಲ್ಲ ಎಂದು ಕಣ್ಣಿನಲ್ಲೇ ಅಳೆಯುತ್ತಿದ್ದೆ. ಮನೆಯಲ್ಲಿ ಉಮ್ಮ ಒಣಮೀನನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುತ್ತಿದ್ದಳು. ನಮ್ಮ ಕಡೆಯವರಿಗೆ ಒಳ್ಳೆಯ ಕೆಲಸ ಎಂದರೆ ಗಾಳಿ ಆಡದ ಹಾಗೆ ಮುಚ್ಚಿದ್ದು. ಮುಚ್ಚಿದ್ದರಿಂದ ಸಾಯಬಹುದು ಎಂಬುದು ನಮ್ಮ ತಲೆಗೇ ಬರುವುದಿಲ್ಲ.

ಮರುದಿನ ತಮ್ಮ ಒಂದು ಬೇರಿಂಗ್ ತರಲು ಪೇಟೆಗೆ ಹೋದಾಗ ನಾನು ಎರಡೂ ಕಿಂಡಿ ಮುಚ್ಚಿದೆ. ಸ್ಪಂಜು ತುಂಬಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಕಿ, ಅಂಚಿಗೆ ಸಿಲಿಕಾನ್ ಎಳೆದೆ. ಹೊರಗಿನ ತಂತಿಬಲೆಯನ್ನು ಮುಟ್ಟಲಿಲ್ಲ. ಎಲ್ಲವನ್ನೂ ಒಳಗಿನಿಂದ ಮಾಡಿದೆ. ಹೊರಗಿನಿಂದ ಮಾಡಿದ್ದರೆ ಅವನಿಗೆ ಕಾಣುತ್ತಿತ್ತು. ಕಂಡರೆ ತೆಗೆಯುತ್ತಿದ್ದ. ಅದು ನನಗೆ ಗೊತ್ತಿತ್ತು, ಅದಕ್ಕೇ ಒಳಗಿನಿಂದ ಮಾಡಿದೆ. ಆಮೇಲೆ ಹೊಸ ಚೀಲಗಳನ್ನು ಸುರಿದು ಕೆಳಗಿನ ಕಿಂಡಿಯನ್ನು ರಾಶಿಯ ಅಡಿಗೆ ಹಾಕಿದೆ. ಮೇಲಿನದರ ಮುಂದೆ ಖಾಲಿ ಗೋಣಿ ನೇತು ಹಾಕಿದೆ.

ಪೆಲೆಟುಗಳಿಗೆ ಮತ್ತೆ ತೇವ ಹಿಡಿಯಲಿಲ್ಲ. ಸ್ಕ್ರೂ ಸಲೀಸಾಗಿ ತಿರುಗಿತು. ಯಜಮಾನರು "ಈಗ ಚೆನ್ನಾಗಿದೆ" ಎಂದಾಗ ನಾನು ತಮ್ಮನ ಕಡೆ ನೋಡಿ ಮೀಸೆ ತಿರುವಿದ್ದೂ ನೆನಪಿದೆ. ನಾಲ್ಕೈದು ದಿನದ ಮೇಲೆ ಸಿಲಿಕಾನ್ ಹಿಡಿದಿದೆಯಾ ನೋಡಲು ಒಳಗೆ ಇಳಿದೆ. ಎರಡು ನಿಮಿಷದಲ್ಲಿ ತಲೆ ಭಾರವಾಯಿತು. ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿದೆ. ಮಧ್ಯಾಹ್ನ ತಿಂದ ಮಾಂಸದ ಊಟ ಜಾಸ್ತಿಯಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆಂದುಕೊಳ್ಳಲು ನಾನು ಸ್ವಲ್ಪ ಕಷ್ಟಪಡಬೇಕಾಯಿತು. ಫೈಲಿನ ಮಾತು ನೆನಪಿಗೆ ಬಂದಿತ್ತು. ಅದನ್ನು ನಾನೇ ಹಿಂದಕ್ಕೆ ತಳ್ಳಿದೆ.

ಅದಾಗಿ ಎರಡನೇ ದಿನ ಬೆಳಿಗ್ಗೆ, ಸುಮಾರು ಹತ್ತು ಗಂಟೆಗೆ, ತಮ್ಮ ಕುಂಟೆ ಹಿಡಿದು ಬಂದ.

"ಕಾಕ, ರಾಶಿ ಎಳೀಬೇಕು. ಹೊರಗೆ ಸ್ವಲ್ಪ ನಿಲ್ತೀರಾ?"

"ನಿನಗೆ ಕಾವಲು ನಿಲ್ಲಲಿಕ್ಕೆ ನಾನೆಂತ ನಿನ್ನ ಕೆಲಸದವನಾ? ಹೋಗು ಇಂಜಿನಿಯರೇ, ಫೈಲು ಓದಿಕೊಂಡು ಇಳಿ."

ಅವನು ಮತ್ತೆ ಕರೆಯಲಿಲ್ಲ. ನಾನು ನೀರಿನ ಟ್ಯಾಂಕಿನ ಹತ್ತಿರ ಹೋದೆ. ಕೆಲಸ ಕೈಗೆ ಹತ್ತಲಿಲ್ಲ. ಅರ್ಧ ಗಂಟೆಯೊಳಗೆ ವಾಪಸು ಬಂದೆ. ಕೋಣೆಯ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಖಾಲಿ ಲೋಟ ಇತ್ತು. ಅವನು ಹೊಂಡದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ, ಕುಂಟೆಯ ಹಿಡಿ ಅವನ ಕೈಕೆಳಗೆ ಸಿಕ್ಕಿತ್ತು.

ಉಸಿರು ಬಿಗಿಹಿಡಿದು ಇಳಿದೆ. ಜಾಕೆಟಿನ ಕಾಲರು ಹಿಡಿದು ಎಳೆದೆ. ಪೆಲೆಟಿನ ಮೇಲೆ ಕಾಲು ನಿಲ್ಲುವುದಿಲ್ಲ, ಮೊಣಕಾಲಿನವರೆಗೆ ಹೂತುಹೋಗುತ್ತದೆ. ಹೇಗೆ ಹೊರಗೆ ತಂದೆನೋ ಗೊತ್ತಿಲ್ಲ. ಅಂಗಳದ ಕಲ್ಲಿನ ಮೇಲೆ ಮಲಗಿಸಿದಾಗ ಅವನ ಮುಖ ಜ್ವರ ಬಂದವನ ಹಾಗೆ ಕೆಂಪಗಿತ್ತು. ಉಸಿರು ಇತ್ತು. ನಮ್ಮ ಅಡುಗೆಯವನು, ಒಬ್ಬ ಬಂಗಾಳಿ, ಆಂಬ್ಯುಲೆನ್ಸಿಗೆ ಫೋನು ಮಾಡಿದ.

ಆಂಬ್ಯುಲೆನ್ಸಿನಲ್ಲಿ ಜೊತೆಗೆ ಹೋಗಬೇಕಾದವನು ನಾನು. ಹೋದದ್ದು ಅಡುಗೆಯವನು. ಬಾಯ್ಲರ್ ಆರಿಸಿ ಬರುತ್ತೇನೆ ಎಂದು ನಾನು ಹಿಂದೆ ಉಳಿದೆ. ಬಾಯ್ಲರ್ ಆರಿಸಲು ಒಂದು ಗುಂಡಿ ಒತ್ತಿದರೆ ಸಾಕು. ನಾನು ಮೇಲಿನ ಬಾಗಿಲನ್ನೂ ತೆರೆದು, ಫ್ಯಾನು ತಂದಿಟ್ಟು, ಗಾಳಿ ಆಡಿಸಿ, ಒಳಗಿಳಿದು ರಾಶಿ ಬದಿಗೆ ಎಳೆದು, ಪ್ಲಾಸ್ಟಿಕ್, ಸ್ಪಂಜು ಎಲ್ಲ ಕಿತ್ತು ಗೋಣಿಗೆ ತುಂಬಿ ರಸ್ತೆ ಬದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಸಿಲಿಕಾನಿನ ಗುರುತನ್ನು ಚಾಕುವಿನಿಂದ ಕೆರೆದೆ. ಮೆಟ್ಟಿಲ ಮೇಲಿನ ಲೋಟವನ್ನು ತೊಳೆದು ಅಡುಗೆಮನೆಯಲ್ಲಿಟ್ಟೆ. ಆ ಹೊತ್ತಿನಲ್ಲಿ ನನ್ನ ತಮ್ಮ ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಕಿಂಡಿ ಮುಚ್ಚಿದ್ದನ್ನು ನಾನು ಅಜ್ಞಾನ ಎಂದು ಹೇಳಿಕೊಳ್ಳಬಹುದು. ಲೋಟ ತೊಳೆದದ್ದಕ್ಕೆ ಏನು ಹೇಳಲಿ?

ಯಜಮಾನರು ಬಂದು ಏನಾಯಿತು ಎಂದು ಕೇಳಿದರು. ನಾನು ಹೇಳಿದೆ: "ಅವನಿಗೆ ಅವಸರ. ಬಾಗಿಲು ತೆರೆದು ಕಾಯಲಿಲ್ಲ."

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮೂರನೇ ದಿನ ಅವನು ಸರಿಯಾಗಿ ಮಾತಾಡಿದ. ಕೈ ಸಣ್ಣಗೆ ನಡುಗುತ್ತಿತ್ತು, ಕೆಲವು ಶಬ್ದಗಳಿಗೆ ತಡಕಾಡುತ್ತಿದ್ದ. ನಿಧಾನಕ್ಕೆ ಸರಿಹೋಗುತ್ತದೆ ಎಂದರು ಡಾಕ್ಟರು. ಆದರೆ ಆ ಬೆಳಿಗ್ಗೆ ನಡೆದದ್ದು ಅವನ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು.

"ಕಾಕ, ನಾನು ಕಾಯಲಿಲ್ಲವಾ?" ಎಂದು ಕೇಳಿದ.

ನಾನು ಹಾಸಿಗೆಯ ಹೊದಿಕೆ ಸರಿಮಾಡಿದೆ. ಅದನ್ನೇ ಅವನು ಉತ್ತರ ಎಂದುಕೊಂಡ.

ಮರಳಿ ಬಂದ ಮೇಲೆ ಅವನು ಬೇರೆ ಮನುಷ್ಯನಾಗಿದ್ದ. ಗ್ಯಾಸಿನ ನಾಬ್ ಆಫ್ ಮಾಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಮುಟ್ಟಿ ನೋಡುತ್ತಿದ್ದ. ಬಾಯ್ಲರಿನ ಒತ್ತಡದ ಮುಳ್ಳು ನೋಡಿ ಹೇಳಿದ ಮೇಲೆ, "ನೀವೂ ಒಮ್ಮೆ ನೋಡಿ ಕಾಕ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ" ಎನ್ನುತ್ತಿದ್ದ. ಫೈಲನ್ನು ಬಾಯಿಪಾಠ ಮಾಡಿದವನು ನನ್ನಂಥವನ ಹತ್ತಿರ ಸಾಕ್ಷಿ ಕೇಳುತ್ತಿದ್ದ.

ಅವಘಡಕ್ಕೆ ಮೊದಲೇ ರಿಯಾದಿನ ಆ ಕಂಪನಿಯವರು ಅವನ ಕೆಲಸ ನೋಡಿ, ನಮ್ಮಲ್ಲಿಗೆ ಬರಲಿ, ಬಾಯ್ಲರ್ ಕೂರಿಸುವುದನ್ನು ಕಲಿಸುತ್ತೇವೆ ಎಂದಿದ್ದರು. ಯಜಮಾನರು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಬದಲಾಯಿಸಿಕೊಡಲು ಒಪ್ಪಿದ್ದರು. ಮಾರ್ಚಿನಲ್ಲಿ ಕಂಪನಿಯಿಂದ ಕಾಗದ ಬಂದಾಗ ಅವರು ನಮ್ಮಿಬ್ಬರನ್ನೂ ಕರೆದು ಹೇಳಿದರು: "ಓದಲು ಬಾರದವನು ತಪ್ಪು ಮಾಡಿದರೆ ಕ್ಷಮಿಸಬಹುದು. ಓದಿಯೂ ಕಾಯದವನನ್ನು ಬೇರೆಯವರ ಮನೆಗಳಲ್ಲಿ ಬಾಯ್ಲರ್ ಕೂರಿಸಲು ಹೇಗೆ ಕಳುಹಿಸಲಿ? ಬೇಡ ಎಂದು ಬರೆಯುತ್ತೇನೆ."

ತಮ್ಮ ತಲೆ ತಗ್ಗಿಸಿ, "ನೀವು ಹೇಳುವುದು ಸರಿ" ಎಂದ. ಹೊರಗೆ ಬಂದ ಮೇಲೆ ಫೈಲನ್ನು ನನ್ನ ಕೈಗೆ ಕೊಟ್ಟ. ಊರಿಗೆ ಹೋಗುತ್ತಾನಂತೆ, ಮಾವನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾನಂತೆ. "ಅಲ್ಲಿ ನನ್ನಿಂದ ಯಾರೂ ಸಾಯುವುದಿಲ್ಲ," ಎಂದ.

ಆ ಮಾತು ಕೇಳಿದ ಮೇಲೆ ನಾನು ಎರಡು ಹೊತ್ತಿನ ನಮಾಜು ಮಾಡಿದೆ. ಎರಡರಲ್ಲೂ ಏನು ಓದಿದೆನೆಂದು ಗೊತ್ತಿಲ್ಲ. ಹೇಳಿದರೆ ಏನಾಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಯಜಮಾನರು ನನಗೆ ಎಕ್ಸಿಟ್ ಹೊಡೆದು ಊರಿಗೆ ಕಳುಹಿಸಬಹುದು, ಪೊಲೀಸರಿಗೂ ಹೇಳಬಹುದು. ಹೇಳದಿದ್ದರೆ ಏನಾಗುತ್ತದೆ ಎಂಬುದು ಇನ್ನೂ ಸ್ಪಷ್ಟವಾಗಿತ್ತು: ಅವನು ಬದುಕಿಡೀ ತನ್ನದಲ್ಲದ ತಪ್ಪಿಗೆ ತನ್ನ ಕೈಗಳನ್ನು ನಂಬದೆ ಬದುಕುತ್ತಾನೆ. ಇನ್ನು ಯೋಚಿಸಬಾರದು, ಯೋಚಿಸಿದರೆ ಮತ್ತೆ ಲೋಟ ತೊಳೆಯುತ್ತೇನೆ ಎಂದು ನಿರ್ಧರಿಸಿ ಬಾಯ್ಲರ್ ಕೋಣೆಗೆ ಹೋದೆ. ಅವನು ಬೂದಿ ತೆಗೆಯುತ್ತಿದ್ದ.

"ಕಿಂಡಿ ಮುಚ್ಚಿತ್ತು. ಮುಚ್ಚಿದ್ದು ನಾನು."

ಅವನು ಬೂದಿಯ ಡಬ್ಬಿ ಕೆಳಗಿಟ್ಟ. "ಯಾವುದು?"

"ಎರಡೂ."

"ಬಲೆ ಹಾಗೆಯೇ ಇತ್ತಲ್ಲ?"

"ಒಳಗಿನಿಂದ ಮುಚ್ಚಿದ್ದೆ. ಸಿಲಿಕಾನ್ ಹಾಕಿ."

"ತೆಗೆದದ್ದು ಯಾವಾಗ?"

"ನಿನ್ನನ್ನು ಆಂಬ್ಯುಲೆನ್ಸಿನಲ್ಲಿ ಕೊಂಡುಹೋದ ಮೇಲೆ."

ಮಿಷನ್ನಿನ ದೋಷ ಹುಡುಕುವವನ ಹಾಗೆ ಒಂದೊಂದಾಗಿ ಕೇಳುತ್ತಿದ್ದವನು ಅಲ್ಲಿ ನಿಂತ. ನನ್ನ ಕಡೆ ತಿರುಗಿ, "ಹಾಗಾದರೆ ನಾನು ಕಾದಿದ್ದೆನಾ?" ಎಂದ.

"ಕಾದಿದ್ದೆ. ಬಾಗಿಲು ತೆರೆದಿತ್ತು. ಕಿಂಡಿ ಮುಚ್ಚಿದ್ದಕ್ಕೆ ಹೊಂಡದ ಗಾಳಿ ಹೊರಗೆ ಹೋಗಲಿಲ್ಲ. ಚಹಾ ಕುಡಿದ ಲೋಟ ಮೆಟ್ಟಿಲ ಮೇಲಿತ್ತು. ನಾನೇ ನೋಡಿದ್ದು. ನಾನೇ ತೊಳೆದದ್ದು."

ಅವನು ಪೆಲೆಟ್ ಚೀಲದ ಮೇಲೆ ಕೂತುಬಿಟ್ಟ. ಬೂದಿಯ ಕೈಗಳಲ್ಲೇ ಮುಖ ಮುಚ್ಚಿಕೊಂಡು, "ನಾನು ಕಾದಿದ್ದೆ, ನಾನು ಕಾದಿದ್ದೆ" ಎಂದು ಹೇಳಿಕೊಂಡ. ಹೊಡೆಯುತ್ತಾನೆ ಎಂದು ನಾನು ತಯಾರಾಗಿ ನಿಂತಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನು ಕೈ ತೆಗೆದ. ಮುಖವೆಲ್ಲ ಬೂದಿ.

"ಎರಡು ತಿಂಗಳು, ಕಾಕ. ಪ್ರತಿದಿನ ನಿಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದೇನೆ. ಒಂದು ದಿನ ಬಾಯಿ ಬಿಡಲಿಕ್ಕೆ ಆಗಲಿಲ್ಲವಾ?"

"ಏಳು," ಎಂದೆ. "ಅವರ ಹತ್ತಿರ ಹೋಗುವ. ಅವರಿಗೆ ನಾನು ಹೇಳುವಾಗ ನೀನು ಎದುರಿಗೆ ಇರಬೇಕು."

ಯಜಮಾನರು ಬಂದವರನ್ನು ಕೂರಿಸುವ ಮಜ್ಲಿಸಿನಲ್ಲಿ ಕಾಫಿ ಕುಡಿಯುತ್ತಿದ್ದರು. ನನ್ನ ಹರಕು ಅರಬ್ಬಿಯಲ್ಲಿ, ತಮ್ಮನ ಸಹಾಯ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಫೈಲು ಅವನ ಕೈಗೆ ಹೋದಾಗ ಹೊಟ್ಟೆ ಉರಿದದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ನನ್ನನ್ನು ಬಿಟ್ಟು ಅವನನ್ನು ನೋಡಿದರು.

"ಇವನನ್ನು ಏನು ಮಾಡಲಿ? ನೀನು ಹೇಳು."

ತಮ್ಮ ನಿಜವಾಗಿ ಯೋಚಿಸಿದ. ಅವನು ಯೋಚಿಸಿದ್ದು ನನಗೆ ಸರಿ ಎನಿಸಿತು.

"ಕಳುಹಿಸಬೇಡಿ," ಎಂದ. "ಪೈಪಿನ ಕೆಲಸ ಇವರ ಹಾಗೆ ಯಾರಿಗೂ ಬರುವುದಿಲ್ಲ. ಆದರೆ ಆ ಕೋಣೆಯ ಬೀಗದ ಕೈ ಇವರ ಹತ್ತಿರ ಇರಬಾರದು."

ಯಜಮಾನರು ನನ್ನ ಮುಂದೆ ಅಂಗೈ ಚಾಚಿದರು. ಜೇಬಿನಿಂದ ತೆಗೆದು ಇಟ್ಟೆ. ಅಂದೇ ಅವರು ಕಂಪನಿಗೆ ಇನ್ನೊಂದು ಕಾಗದ ಬರೆದರು. ಅದರಲ್ಲಿ ಏನಿದೆ ಎಂದು ಓದಿ ಹೇಳುವಂತೆ ತಮ್ಮನನ್ನು ಕೇಳಿದೆ. ತಪ್ಪು ಅವನದಲ್ಲ, ನಿಯಮ ಪೂರ್ತಿ ಪಾಲಿಸಿದ್ದ ಎಂದು ಇತ್ತು. ಆ ಸಾಲನ್ನು ಎರಡು ಸಲ ಓದಿಸಿದೆ.

ಉಮ್ಮನಿಗೂ ನಾನೇ ಫೋನು ಮಾಡಿ ಹೇಳಿದೆ. ಅವಳು ಫೋನಿಟ್ಟಳು. ಎಂಟು ದಿನ ನನ್ನ ಕರೆ ತೆಗೆಯಲಿಲ್ಲ. ಒಂಬತ್ತನೇ ದಿನವೂ ಮಾಡಿದೆ, ತೆಗೆದಳು.

ಏಪ್ರಿಲಿನಲ್ಲಿ ತಮ್ಮ ರಿಯಾದಿಗೆ ಹೋದ. ಬಸ್ಸಿನ ಹತ್ತಿರ ಕೈ ಕೊಟ್ಟು ಸಲಾಂ ಹೇಳಿದ, ಅಪ್ಪಿಕೊಳ್ಳಲಿಲ್ಲ. ಈಗ ಅವನ ಜಾಗದಲ್ಲಿ ನೇಪಾಳದ ಒಬ್ಬ ಇದ್ದಾನೆ, ವಯಸ್ಸಿನಲ್ಲಿ ನನ್ನ ಅರ್ಧ. ಬೀಗದ ಕೈ ಅವನ ಸೊಂಟದಲ್ಲಿ ಇರುತ್ತದೆ. ಅವನು ಒಳಗಿಳಿದಾಗಲೆಲ್ಲ ನಾನು ಹೊರಗೆ ನಿಲ್ಲುತ್ತೇನೆ. ಅವನು ಕರೆಯುವ ಮೊದಲೇ ಹೋಗಿ ನಿಂತಿರುತ್ತೇನೆ. ಮೊದಮೊದಲು ಅಡುಗೆಯವನು, "ಏನು ಭಾಯ್, ಕಾವಲುಗಾರನ ಕೆಲಸ ಸಿಕ್ಕಿತಾ?" ಎಂದು ನಗುತ್ತಿದ್ದ. ಹೌದು ಎನ್ನುತ್ತಿದ್ದೆ. ಈಗ ಅವನು ಕೇಳುವುದಿಲ್ಲ.

ತಮ್ಮ ಶುಕ್ರವಾರ ಮಾತ್ರ ಫೋನು ಮಾಡುತ್ತಾನೆ. ಐದು ನಿಮಿಷ. ಬಾಯ್ಲರಿನ ಬಗ್ಗೆ ಕೇಳುತ್ತಾನೆ, ಉಮ್ಮನ ಕಾಲುನೋವಿನ ಬಗ್ಗೆ ಕೇಳುತ್ತಾನೆ, ಇಡುತ್ತಾನೆ. ಕೈಯ ನಡುಕ ಪೂರ್ತಿ ನಿಂತಿದೆಯಂತೆ. ಹೋದ ವಾರ ಸ್ವಲ್ಪ ಹೆಚ್ಚು ಮಾತಾಡಿದ. ಕಂಪನಿಗೆ ಹೊಸದಾಗಿ ಬಂದವರಿಗೆ ಪೆಲೆಟ್ ಕೋಣೆಯ ಪಾಠ ಮಾಡಲು ಅವನಿಗೇ ಹೇಳಿದ್ದಾರಂತೆ.

"ಫೈಲು ಓದಿ ಹೇಳಿದರೆ ಅವರು ಆಕಳಿಸ್ತಾರೆ," ಎಂದ. "ನಮ್ಮಲ್ಲಿ ಆದದ್ದನ್ನು ಹೇಳಬೇಕು ಅಂತ ಉಂಟು. ನಿಮಗೆ ಬೇಸರ ಆಗ್ತದಾ? ಯಾರೋ ಒಬ್ಬ ಕೆಲಸದವ ಮುಚ್ಚಿದ್ದ ಅಂತ ಹೇಳ್ತೇನೆ."

"ಬೇಡ," ಎಂದೆ. "ಯಾರೋ ಅಂದರೆ ಅವರು ಎಲ್ಲಿಯೋ ಒಬ್ಬ ಹುಚ್ಚ ಅಂದುಕೊಳ್ತಾರೆ. ನನ್ನ ಸ್ವಂತ ಕಾಕ ಮುಚ್ಚಿದ್ದು ಅಂತ ಹೇಳು. ಟರ್ಪಾಲು, ಪೈಪು ಅಂತ ಮೂವತ್ತು ವರ್ಷ ಕೆಲಸ ಮಾಡಿದವನು ಅಂತ ಹೇಳು. ಲೋಟ ತೊಳೆದದ್ದನ್ನೂ ಹೇಳು."



"ಲೋಟದ್ದು ಬೇಡ ಕಾಕ," ಎಂದ. "ಅದು ಅವರಿಗೆ ಸಂಬಂಧ ಇಲ್ಲ. ಅದು ನಮ್ಮೊಳಗಿನದ್ದು."